ಸ್ಪೇನ್‌ನ ಆಸ್ಟೂರಿಯಸ್‌ನಲ್ಲಿ ನದಿ ಪಕ್ಕ, ಬೆಟ್ಟದ ಮೇಲೆ ಓಡೋದಕ್ಕೆ ಒಳ್ಳೆ ದಾರಿ ಯಾವುದು?

ಸೆಪ್ಟೆಂಬರ್‌ನಿಂದ ಮೂರು ತಿಂಗಳು ಕೆಲಸದ ಮೇಲೆ ಆಸ್ಟೂರಿಯಸ್‌ನ ರಾಜಧಾನಿ ಓವಿಯೇದೊದಲ್ಲಿ ಇರುತ್ತೀರಿ, ಬೆಂಗಳೂರಿನಲ್ಲಿ ಎರಡು ಹಾಫ್ ಮ್ಯಾರಥಾನ್ ಮುಗಿಸಿದ್ದೀರಿ, ಬೆಟ್ಟದ ಓಟ ಹೊಸದು, ಕಾರೆಸ್ ಕಣಿವೆಯಲ್ಲಿ ಓಡಬಹುದಾ ಅಂತ ಕೇಳಿದ್ದೀರಿ. ಓಡಬಹುದು. ಆದರೆ ಇಳಿದ ಮೊದಲ ವಾರಾಂತ್ಯವೇ ಅಲ್ಲಿಗೆ ಹೊರಡಬೇಡಿ. ಹಾಗೆ ಅವಸರದಲ್ಲಿ ಇನ್ನೊಂದು ಬೆಟ್ಟಕ್ಕೆ ಹೋಗಿ ಪೆಟ್ಟು ತಿಂದವನು ಹೇಳುತ್ತಿದ್ದೇನೆ.

ನಾನು ಎರಡೂವರೆ ವರ್ಷ ಅಲ್ಲಿನ ಕಡಲ ತೀರದ ಊರು ಹಿಹೋನ್‌ನಲ್ಲಿದ್ದೆ. ಮ್ಯಾಪಿನಲ್ಲಿ ಅದರ ಹೆಸರು ‘ಜಿ’ ಅಕ್ಷರದಿಂದ ಶುರುವಾಗುತ್ತದೆ. ನೀವು ಗಿಜೋನ್ ಅಂದರೆ ಬಸ್ ಡ್ರೈವರ್ ಮುಖ ಮುಖ ನೋಡುತ್ತಾನೆ. ಶುರುವಿನಲ್ಲಿ ನಾನೂ ಎಲ್ಲರ ಹಾಗೆ ದೂರ ಎಷ್ಟು, ಏರು ಎಷ್ಟು ಅಂತ ಆ್ಯಪ್ ನೋಡಿ ದಾರಿ ಆರಿಸುತ್ತಿದ್ದೆ. ಆ ಲೆಕ್ಕ ಅಲ್ಲಿ ಕೈ ಕೊಡುತ್ತದೆ. ಆಮೇಲೆ ಬೇರೆ ಒಂದು ಪ್ರಶ್ನೆ ಕೇಳಿಕೊಳ್ಳೋದು ರೂಢಿ ಮಾಡಿಕೊಂಡೆ: ಈ ದಾರಿಯನ್ನು ಮೊದಲು ಯಾರಿಗಾಗಿ ಮಾಡಿದ್ದರು? ರೈಲಿಗಾ, ಕಾಲುವೆ ಕಾಯುವವರಿಗಾ, ದನ ಹೊಡೆದುಕೊಂಡು ಹೋಗುವವರಿಗಾ? ಇಷ್ಟು ಗೊತ್ತಾದರೆ ನಿಮ್ಮ ಮಂಡಿಗೆ ಏನು ಕಾದಿದೆ ಅಂತ ಅರ್ಧ ಗೊತ್ತಾದ ಹಾಗೆ.

ರೈಲಿಗೆ ಮಾಡಿದ ದಾರಿಯಿಂದ ಶುರು ಮಾಡಿ. ಆಸ್ಟೂರಿಯಸ್ ಅಂದರೆ ಕಲ್ಲಿದ್ದಲಿನ ನಾಡು. ಗಣಿಗಳಿಂದ ಕಲ್ಲಿದ್ದಲು, ಕಬ್ಬಿಣದ ಅದಿರು ಸಾಗಿಸಲು ಕಣಿವೆ ಕಣಿವೆಗೂ ಪುಟ್ಟ ರೈಲು ಹಾಕಿದ್ದರು. ಗಣಿ ನಿಂತಿತು, ಹಳಿ ಕಿತ್ತರು, ದಾರಿ ಉಳಿಯಿತು. ಅಂಥದ್ದರಲ್ಲಿ ಹೆಸರಾಂತದ್ದು ‘ಸೆಂದಾ ದೆಲ್ ಓಸೊ’, ಅಂದರೆ ಕರಡಿ ದಾರಿ. ಓವಿಯೇದೊದಿಂದ ಸುಮಾರು 20 ಕಿಲೋಮೀಟರ್ ದೂರದ ತುನ್ಯೋನ್ ಎಂಬ ಹಳ್ಳಿಯಲ್ಲಿ ಶುರು. ಪ್ರೊವಾಸಾ ದಾಟಿ ಕಾರಾಂಗಾ ಹತ್ತಿರ ದಾರಿ ಕವಲೊಡೆಯುತ್ತದೆ. ಒಂದು ಕವಲು ತೆವೆರ್ಗಾ ಕಡೆ ಎಂತ್ರಾಗೊವರೆಗೆ, ಇನ್ನೊಂದು ಕಿರೋಸ್ ಕಡೆ. ತುನ್ಯೋನ್‌ನಿಂದ ಎಂತ್ರಾಗೊ ಸುಮಾರು 22 ಕಿಲೋಮೀಟರ್. ನಿಮಗೆ ಹಾಫ್ ಮ್ಯಾರಥಾನ್ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ, ಅಲ್ವಾ?

ರೈಲು ಕಡಿದಾದ ಏರು ಹತ್ತಲ್ಲ. ಹಾಗಾಗಿ ನೀವೂ ಹತ್ತಬೇಕಾಗಿಲ್ಲ. ಏರುತ್ತಿದ್ದೇವೆ ಅನ್ನೋದು ಕಾಲಿಗೆ ಗೊತ್ತೇ ಆಗಲ್ಲ, ವಾಪಸ್ ಬರುವಾಗ ಮಾತ್ರ ಯಾಕೋ ಇವತ್ತು ಚೆನ್ನಾಗಿ ಓಡುತ್ತಿದ್ದೇನೆ ಅನಿಸುತ್ತದೆ! ಪಕ್ಕದಲ್ಲಿ ಹೊಳೆ, ಎರಡೂ ಕಡೆ ಸುಣ್ಣದ ಕಲ್ಲಿನ ಗೋಡೆ, ನಡುನಡುವೆ ಸುರಂಗ. ತಲೆಗೆ ಕಟ್ಟುವ ಟಾರ್ಚ್ ಇಟ್ಟುಕೊಳ್ಳಿ. ಸುರಂಗದೊಳಗೆ ಕಾಲಿಟ್ಟ ಕೂಡಲೇ ನಿಮ್ಮ ಹೆಜ್ಜೆ ಸದ್ದು ಬೇರೆ ಯಾರೋ ಹಿಂದೆ ಓಡಿ ಬರುತ್ತಿರುವ ಹಾಗೆ ಕೇಳುತ್ತದೆ. ಬೆವರಿದ ಬೆನ್ನಿಗೆ ಫ್ರಿಜ್ ಬಾಗಿಲು ತೆಗೆದ ಹಾಗೆ ತಣ್ಣಗೆ ತಾಕುತ್ತದೆ. ಆಚೆ ಬಂದರೆ ಮತ್ತೆ ಹೊಳೆ ಸದ್ದು. ವಾರಾಂತ್ಯದಲ್ಲಿ ಬಾಡಿಗೆ ಸೈಕಲ್ಲಿನವರು ಜಾಸ್ತಿ, ಮಕ್ಕಳು ಅಡ್ಡಾದಿಡ್ಡಿ ಬರುತ್ತಾರೆ. ಬೆಳಿಗ್ಗೆ ಒಂಬತ್ತರೊಳಗೆ ಶುರು ಮಾಡಿದರೆ ದಾರಿಯೆಲ್ಲಾ ನಿಮ್ಮದೇ.

ಕರಡಿ ಹೆಸರು ಸುಮ್ನೆ ಬಂದದ್ದಲ್ಲ. 1989ರಲ್ಲಿ ಕಳ್ಳಬೇಟೆಗಾರನೊಬ್ಬ ತಾಯಿ ಕರಡಿಯನ್ನು ಕೊಂದ. ಅದರ ಎರಡು ಹೆಣ್ಣು ಮರಿಗಳು, ಪಾಕಾ ಮತ್ತು ತೋಲಾ, ಇದೇ ದಾರಿ ಪಕ್ಕದ ಬೇಲಿ ಹಾಕಿದ ಕಾಡಿನಲ್ಲಿ ಬಹುಕಾಲ ಬಾಳಿದವು. ತೋಲಾ 2018ರಲ್ಲಿ ಸತ್ತಿತು. ಸುತ್ತಲಿನ ಬೆಟ್ಟಗಳಲ್ಲಿ ಕಾಡು ಕರಡಿಗಳು ನಿಜವಾಗಿಯೂ ಇವೆ. ಆದರೆ ಮನುಷ್ಯರ ವಾಸನೆ ಬಂದರೆ ಅವೇ ಜಾಗ ಖಾಲಿ ಮಾಡುತ್ತವೆ. ಎರಡೂವರೆ ವರ್ಷದಲ್ಲಿ ನನಗೆ ಒಂದೂ ಕಂಡಿಲ್ಲ. ಅದು ನನ್ನ ದುರದೃಷ್ಟವೋ ಅದೃಷ್ಟವೋ.

ವಾರದ ದಿನಗಳಿಗೆ ಊರೊಳಗೇ ಸಾಕಷ್ಟಿದೆ. ಓವಿಯೇದೊ ತಲೆಯ ಮೇಲೆ ನರಾಂಕೊ ಬೆಟ್ಟ, 634 ಮೀಟರ್ ಎತ್ತರ. ಅದರ ಮೈಮೇಲೆ ‘ಪಿಸ್ತಾ ಫಿನ್ಲಾಂದೆಸಾ’ ಅಂತ ಮಣ್ಣಿನ ಓಟದ ದಾರಿ ಇದೆ. ಸಂಜೆ ಊರಿನ ಓಟಗಾರರೆಲ್ಲ ಅಲ್ಲೇ ಸಿಗುತ್ತಾರೆ. ಸ್ವಲ್ಪ ಮೇಲೆ ಹೋದರೆ ಒಂಬತ್ತನೇ ಶತಮಾನದಲ್ಲಿ ದೊರೆ ಮೊದಲನೇ ರಾಮಿರೊ ಕಟ್ಟಿಸಿದ ಸಾಂತಾ ಮರಿಯಾ ದೆಲ್ ನರಾಂಕೊ ಕಟ್ಟಡ. ಅದರ ಮುಂದಿನ ಹುಲ್ಲಿನ ಮೇಲೆ ಕೂತು ಶೂ ಲೇಸ್ ಕಟ್ಟಿಕೊಳ್ಳೋದು ನನಗೆ ಪೂಜೆಯ ಹಾಗೆ ಆಗಿಹೋಗಿತ್ತು. ಹಿಹೋನ್‌ಗೆ ಬಂದರೆ ಸಾನ್ ಲೊರೆನ್ಸೊ ಬೀಚಿನ ಗೋಡೆ ಪಕ್ಕ ಓಡಿ, ಪೀಲೆಸ್ ಹೊಳೆ ದಂಡೆಯ ದಾರಿ ಹಿಡಿಯಿರಿ. ಸಪಾಟು ದಾರಿ, ಬಾತುಕೋಳಿ, ಅಷ್ಟೇ.

ಈಗ ಕಾರೆಸ್. ಕಾರೆಸ್ ಒಂದು ನದಿ, ಪೀಕೋಸ್ ದೆ ಯೂರೋಪಾ ಪರ್ವತಗಳನ್ನು ಸೀಳಿಕೊಂಡು ಹರಿಯುತ್ತದೆ. 1918ರಲ್ಲಿ ಸ್ಪೇನ್ ತನ್ನ ಮೊದಲ ರಾಷ್ಟ್ರೀಯ ಉದ್ಯಾನ ಮಾಡಿದ್ದು ಇದೇ ಬೆಟ್ಟಗಳಲ್ಲಿ. ಕಾಯಿನ್ ಎಂಬ ಹಳ್ಳಿಯ ಹತ್ತಿರ ನದಿ ನೀರನ್ನು ತಿರುಗಿಸಿ, ಬೆಟ್ಟದ ಹೊಟ್ಟೆಯಲ್ಲಿ ಕಾಲುವೆ ತೋಡಿ, ಪೊನ್ಸೆಬೋಸ್‌ನಲ್ಲಿ ಕೆಳಗೆ ಬೀಳಿಸಿ ಕರೆಂಟು ಮಾಡುತ್ತಾರೆ. ಕಾಲುವೆ ಕೆಲಸ ನಡೆದದ್ದು 1916ರಿಂದ 1921ರವರೆಗೆ. ಕಾಲುವೆ ನೋಡಿಕೊಳ್ಳುವವರು ಓಡಾಡಲಿ ಅಂತ 1940ರ ದಶಕದ ಕೊನೆಗೆ ಬಂಡೆ ಕಡಿದು ಮಾಡಿದ ದಾರಿಯೇ ಈಗಿನ ಚಾರಣದ ದಾರಿ. ಪೊನ್ಸೆಬೋಸ್‌ನಿಂದ ಕಾಯಿನ್‌ಗೆ ಸುಮಾರು 12 ಕಿಲೋಮೀಟರ್, ಹೋಗಿ ಬಂದರೆ 24. ರಸ್ತೆಯಲ್ಲಿ ವಾಪಸ್ ಬರ್ತೀನಿ ಅಂದರೆ ನೂರು ಕಿಲೋಮೀಟರಿಗೂ ಜಾಸ್ತಿ ಸುತ್ತು. ಆದ್ದರಿಂದ ಹೋಗುವಾಗಲೇ ಬರುವುದಕ್ಕೂ ಕಾಲು ಉಳಿಸಿಕೊಳ್ಳಿ.

ಮೊದಲ ಎರಡು ಮೂರು ಕಿಲೋಮೀಟರ್ ಲೋಸ್ ಕೊಯಾದೋಸ್‌ವರೆಗೆ ಸಡಿಲ ಕಲ್ಲಿನ ಏರು. ಅಲ್ಲಿ ಎಲ್ಲರೂ ನಡೆಯುತ್ತಾರೆ, ನೀವೂ ನಡೆಯಿರಿ. ಆಮೇಲೆ ದಾರಿ ಕಾಲುವೆ ಜೊತೆ ಸೇರಿ ಮಟ್ಟಸವಾಗುತ್ತದೆ. ಓಡೋದಕ್ಕೆ ಹೇಳಿ ಮಾಡಿಸಿದ ಹಾಗೆ ಕಾಣುತ್ತದೆ. ಮೋಸ ಇರುವುದು ಇಲ್ಲೇ. ದಾರಿ ಒಂದೂವರೆ ಮೀಟರ್ ಅಗಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಹೆಚ್ಚಿನ ಕಡೆ ಕಂಬಿಯಿಲ್ಲ, ಕೆಳಗೆ ಎಲ್ಲೋ ನದಿ. ಕಾಲುವೆ ಕಾಯುವವನು ನಡೆದು ಹೋಗುತ್ತಿದ್ದ, ಗಡಿಯಾರ ನೋಡಿಕೊಂಡು ಓಡುತ್ತಿರಲಿಲ್ಲ.

ಒಮ್ಮೆ ಅಲ್ಲಿ ಒಂದು ತಿರುವಿನಲ್ಲಿ ಮೇಕೆ ಹಿಂಡು ಎದುರಾಯಿತು. ಆರೇಳು ಇರಬಹುದು. ನಾನು ಬಂಡೆ ಕಡೆಗೆ ಬೆನ್ನು ಒತ್ತಿ ನಿಂತೆ. ಅವು ಅಂಚಿನ ಕಡೆಯಿಂದ, ಮನೆ ಜಗಲಿ ಮೇಲೆ ಓಡಾಡುವಷ್ಟು ಸಲೀಸಾಗಿ ದಾಟಿದವು. ಕೊನೆಯದು ನಿಂತು ನನ್ನ ಮೊಣಕೈ ನೆಕ್ಕಿತು. ಬೆವರಿನ ಉಪ್ಪು ಬೇಕಿತ್ತು ಅದಕ್ಕೆ. ಒರಟು ನಾಲಿಗೆ, ಉಪ್ಪುಕಾಗದದ ಹಾಗೆ. ಎರಡೂ ಕೈ ನೆಕ್ಕಿ ಮುಗಿಸುವ ತನಕ ನಾನು ಅಲ್ಲಾಡಲಿಲ್ಲ. ಆ ದಿನದ ನನ್ನ ‘ಟೈಮಿಂಗ್’ ಅಲ್ಲಿಗೆ ಮುಗಿಯಿತು.

ಹಾಗಾಗಿ ಕಾರೆಸ್‌ಗೆ ಆಗಸ್ಟ್‌ನ ಜನಜಂಗುಳಿ ಕಳೆದ ಮೇಲೆ, ವಾರದ ನಡುವೆ, ಬೆಳಿಗ್ಗೆ ಬೇಗ ಹೋಗಿ. ಮುಂದೆ ಜನ ಕಂಡರೆ ಹತ್ತು ಹೆಜ್ಜೆ ಮುಂಚೆಯೇ ‘ಪೆರ್ದೋನ್’, ಅಂದರೆ ‘ಕ್ಷಮಿಸಿ’ ಅನ್ನಿ, ನಡಿಗೆಗೆ ಇಳಿಯಿರಿ, ಅವರು ಬಂಡೆ ಕಡೆ ಸರಿದ ಮೇಲೆ ದಾಟಿ. ಕಿವಿಗೆ ಏನೂ ಸಿಕ್ಕಿಸಬೇಡಿ. ಮಳೆ ಬಂದ ಮರುದಿನ ಹೋಗಲೇಬೇಡಿ, ಮೇಲಿಂದ ಕಲ್ಲು ಬೀಳುತ್ತದೆ. ಕಾಯಿನ್ ಹತ್ತಿರದ ಸುರಂಗಗಳಲ್ಲಿ ನೀರು ತೊಟ್ಟಿಕ್ಕುತ್ತಿರುತ್ತದೆ, ನೆಲ ಜಾರುತ್ತದೆ. ಅಲ್ಲಿ ತಲೆ ಬಗ್ಗಿಸಿ ನಡೆಯಿರಿ.

ಪೊನ್ಸೆಬೋಸ್‌ನಿಂದಲೇ ಬುಲ್ನೆಸ್ ಹಳ್ಳಿಗೂ ದಾರಿ ಇದೆ. 2001ರಲ್ಲಿ ಬೆಟ್ಟದೊಳಗೆ 2.2 ಕಿಲೋಮೀಟರ್ ಉದ್ದದ, ಹಗ್ಗದಿಂದ ಎಳೆಯುವ ಫ್ಯುನಿಕ್ಯುಲರ್ ರೈಲು ಬರುವವರೆಗೆ ಆ ಊರಿಗೆ ಕಾಲುದಾರಿ ಬಿಟ್ಟರೆ ಗತಿಯಿರಲಿಲ್ಲ. ಸುಮಾರು 400 ಮೀಟರ್ ಏರು. ಹತ್ತುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆ ಜಾಗ ನನಗೆ ಸಿಗಲಿಲ್ಲ. ಮಂಡಿ ನೋಯುತ್ತಿದ್ದರೆ ರೈಲಿನಲ್ಲಿ ಇಳಿಯಬಹುದು, ಯಾರಿಗೂ ಹೇಳಬೇಡಿ.

ಮೂರನೇ ತರದ್ದು ದನಗಾಹಿಗಳ ದಾರಿ. ಇವು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೋಗುತ್ತವೆ. ಕೋವಾದೊಂಗಾ ಸರೋವರಗಳಿಂದ ವೇಗರೆದೊಂದಾ ಗುಡಿಸಲಿಗೆ, 1,410 ಮೀಟರ್ ಎತ್ತರಕ್ಕೆ ಹೋಗುವ ದಾರಿ ಅಂಥದ್ದು. ಸೀಸನ್‌ನಲ್ಲಿ ಸರೋವರಗಳವರೆಗೆ ಸ್ವಂತ ಕಾರು ಬಿಡಲ್ಲ, ಕಾಂಗಾಸ್ ದೆ ಓನಿಸ್‌ನಿಂದ ಬಸ್ಸು ಹಿಡಿಯಬೇಕು. ನಾನು ಪೆಟ್ಟು ತಿಂದದ್ದು ಇಲ್ಲಿ. ಬಂದ ಎರಡನೇ ವಾರ, ಜೂನ್ ತಿಂಗಳು, ಕೆಳಗೆ ಚೆಂದ ಬಿಸಿಲು. ಗುಡಿಸಲು ಮುಟ್ಟಿ ವಾಪಸ್ ಓಡುತ್ತಿದ್ದಾಗ ಮಂಜು ಮುಸುಕಿತು. ಐದು ನಿಮಿಷದಲ್ಲಿ ಕೈ ಚಾಚಿದರೆ ಬೆರಳು ಕಾಣದಷ್ಟು. ಮ್ಯಾಪ್ ಡೌನ್‌ಲೋಡ್ ಮಾಡಿರಲಿಲ್ಲ, ನೆಟ್‌ವರ್ಕ್ ಇಲ್ಲ, ಮೈಮೇಲೆ ಒಂದು ತೆಳು ಬನಿಯನ್. ಗಾಬರಿಯಲ್ಲಿ ಹೆಜ್ಜೆ ಜೋರು ಮಾಡಿದೆ. ಒದ್ದೆ ಸುಣ್ಣದ ಕಲ್ಲು ಅಂದರೆ ಸೋಪು ಹಚ್ಚಿದ ಬಚ್ಚಲು. ಬಿದ್ದೆ, ಅಂಗೈ ಕಿತ್ತುಹೋಯಿತು, ಮಂಡಿ ಊದಿತು.

ಕುಂಟುತ್ತಾ ಗಂಟೆ ಸದ್ದು ಕೇಳಿದ ಕಡೆ ಹೋದೆ. ಮಂಜಿನೊಳಗಿಂದ ಮೊದಲು ಒಂದು ಹಸುವಿನ ಕೊಂಬು, ಆಮೇಲೆ ಕರುವಿನ ಗಾತ್ರದ ಕಾವಲು ನಾಯಿ, ಅದರ ಹಿಂದೆ ಒಬ್ಬರು ವಯಸ್ಸಾದ ದನಗಾಹಿ. ಅವರು ನನ್ನನ್ನು ನೋಡಿದರು, ನನ್ನ ಚಡ್ಡಿ ನೋಡಿದರು, ಏನೂ ಅನ್ನಲಿಲ್ಲ. ಕಲ್ಲಿನ ಮೇಲೆ ಕೂರು ಅಂತ ಕೈ ತೋರಿಸಿದರು. ತಾವೂ ಕೂತರು. ಮುಕ್ಕಾಲು ಗಂಟೆ ಹಾಗೇ ಕೂತಿದ್ದೆವು. ಮಂಜು ತೆಳುವಾದ ಮೇಲೆ ನೋಡಿದರೆ ದಾರಿ ನನ್ನಿಂದ ಮೂವತ್ತು ಹೆಜ್ಜೆ ದೂರದಲ್ಲೇ ಇತ್ತು. ನಾನು ಹೊರಟಿದ್ದ ದಿಕ್ಕಿನಲ್ಲಿ ದೊಡ್ಡ ಹಳ್ಳ.

ಅಂದಿನಿಂದ ಬೆಟ್ಟಕ್ಕೆ ಹೋಗುವಾಗ ಮಳೆ ಜಾಕೆಟ್, ಡೌನ್‌ಲೋಡ್ ಮಾಡಿದ ಮ್ಯಾಪ್, ಸೀಟಿ ಇಲ್ಲದೆ ಹೊರಟಿಲ್ಲ. ತುರ್ತಿಗೆ 112 ನಂಬರ್. ಹಿಂಡಿನ ಹತ್ತಿರ ಕಾವಲು ನಾಯಿ ಕಂಡರೆ ಓಡಬೇಡಿ, ನಿಂತು, ದೂರ ಬಳಸಿ ನಡೆಯಿರಿ. ಓಡುವವನನ್ನು ಅದು ಓಟಗಾರ ಅಂತ ತಿಳಿಯಲ್ಲ. ದಾರಿ ಗುರುತು ಸುಲಭ: ಬಿಳಿ ಮತ್ತು ಕೆಂಪು ಪಟ್ಟೆ ಇದ್ದರೆ ಬಹು ದಿನದ ದೊಡ್ಡ ದಾರಿ, ಬಿಳಿ ಮತ್ತು ಹಳದಿ ಇದ್ದರೆ ಒಂದು ದಿನದ ಸಣ್ಣ ದಾರಿ. ಅಡ್ಡ ಗೀಟು ಹಾಕಿದ್ದರೆ ಅತ್ತ ಹೋಗಬೇಡಿ ಅಂತ.

ಮಳೆ ಬಗ್ಗೆ: ಅಲ್ಲಿನವರು ‘ಒರ್ಬಾಯು’ ಅಂತ ಕರೆಯುವ ಒಂದು ಮಳೆ ಇದೆ. ನಮ್ಮ ಮಲೆನಾಡಿನವರಿಗೆ ಪರಿಚಯದ್ದೇ. ಹನಿ ಕಾಣಲ್ಲ, ಸದ್ದಿಲ್ಲ, ಅರ್ಧ ಗಂಟೆ ಕಳೆದರೆ ಒಳಬಟ್ಟೆಯೂ ಒದ್ದೆ. ಇದಕ್ಕೆ ಹೆದರಿ ಕೂತರೆ ಆಸ್ಟೂರಿಯಸ್‌ನಲ್ಲಿ ಓಟವೇ ಇಲ್ಲ. ರೈಲು ದಾರಿಗಳಿಗೆ ಈ ಮಳೆಯಲ್ಲೂ ಹೋಗಿ, ಕಲ್ಲು ದಾರಿಗಳಿಗೆ ಬೇಡ.

ನೀವು ಇರುವ ತಿಂಗಳುಗಳಲ್ಲಿ ಒಂದು ದಾರಿ ತಪ್ಪಿಸಬೇಡಿ: ರೆದೆಸ್ ಕಾಡಿನ ‘ರುತಾ ದೆಲ್ ಆಲ್ಬಾ’. ಸೋತೊ ದೆ ಅಗೂವೆಸ್ ಹಳ್ಳಿಯಿಂದ ಆಲ್ಬಾ ಹೊಳೆ ಹಿಡಿದು ಮೇಲಕ್ಕೆ ಸುಮಾರು 7 ಕಿಲೋಮೀಟರ್, ಅದೇ ದಾರಿಯಲ್ಲಿ ವಾಪಸ್. ಮೊದಲು ಅಗಲ ದಾರಿ, ಆಮೇಲೆ ಕಣಿವೆ ಕಿರಿದಾಗಿ ಸಣ್ಣ ಸೇತುವೆ, ಸಣ್ಣ ಜಲಪಾತಗಳು. ಅಕ್ಟೋಬರ್ ಕೊನೆಗೆ ‘ಬೀಚ್’ ಎಂಬ ಜಾತಿಯ ಕಾಡುಮರಗಳ ಎಲೆ ತಾಮ್ರದ ಬಣ್ಣಕ್ಕೆ ತಿರುಗಿರುತ್ತದೆ. ಬಸ್ಸು ನೆಚ್ಚಿಕೊಳ್ಳಬೇಡಿ, ಕಾರಿರುವ ಸಹೋದ್ಯೋಗಿಯನ್ನು ಹಿಡಿಯಿರಿ. ಆ ತಿಂಗಳುಗಳಲ್ಲಿ ವಾರಾಂತ್ಯಕ್ಕೆ ಕಾಡುಹಂದಿ ಬೇಟೆ ನಡೆಯುತ್ತದೆ. ಕಿತ್ತಳೆಯೋ ಹಳದಿಯೋ ಕಣ್ಣಿಗೆ ಹೊಡೆಯುವ ಬಟ್ಟೆ ಹಾಕಿ, ಬೇಟೆ ಬೋರ್ಡು ಕಂಡರೆ ವಾಪಸ್ ತಿರುಗಿ. ಅಕ್ಟೋಬರ್‌ನ ಕೊನೆ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ನವೆಂಬರ್‌ನಲ್ಲಿ ಸಂಜೆ ಆರಕ್ಕೆಲ್ಲ ಕತ್ತಲು.

ಊಟದ ವಿಷಯ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಸಸ್ಯಾಹಾರಿಯಾದರೆ ಫಾಬಾದಾ ಅನ್ನುವ ದೊಡ್ಡ ಬಿಳಿ ಬೀನ್ಸ್ ಕಾಳಿನ ಸಾರು ನೋಡಿ ಮೋಸ ಹೋಗಬೇಡಿ, ಅದರಲ್ಲಿ ಹಂದಿ ಮಾಂಸ ಇರುತ್ತದೆ. ಓಡಿ ಬಂದ ಮೇಲೆ ‘ಅರ್ರೋಸ್ ಕೋನ್ ಲೆಚೆ’ ಕೇಳಿ. ಅಕ್ಕಿ ಪಾಯಸವೇ, ಮೇಲೆ ಸಕ್ಕರೆ ಸುಟ್ಟು ಕಟುಂ ಅನ್ನುವ ಪದರ ಮಾಡಿರುತ್ತಾರೆ. ನಾನು ಎರಡು ಬಟ್ಟಲಿಗಿಂತ ಕಡಿಮೆ ತಿಂದದ್ದೇ ಇಲ್ಲ.