ವೈನ್ ಕೂಡಿಡುವವರಿಂದಲೇ ಅದರ ಬೆಲೆ ಏರುತ್ತದೆಯೇ?

ಕುಡಿಯಲೆಂದು ಕೂಡಿಡುವವರಿಂದ ಅಷ್ಟಾಗಿ ಅಲ್ಲ. ಅವರು ಒಂದೊಂದೇ ಬಾಟಲಿ ತೆರೆದಂತೆ ಉಳಿದವು ಅಪರೂಪವಾಗುತ್ತವೆ ನಿಜ, ಆದರೆ ಆ ಏರಿಕೆ ನಿಧಾನದ್ದು.

ಲಾಭಕ್ಕೆಂದೇ ಕೊಳ್ಳುವವರ ವಿಷಯ ಬೇರೆ. ಫ್ರಾನ್ಸ್‌ನ ವೈನ್ ಸೀಮೆ ಬೋರ್ಡೋದಲ್ಲಿ ವೈನ್ ಇನ್ನೂ ಪೀಪಾಯಿಯಲ್ಲಿರುವಾಗಲೇ ಮಾರಾಟ ಶುರು. ಎಷ್ಟೋ ಪೆಟ್ಟಿಗೆಗಳು ಗೋದಾಮಿನಿಂದ ಕದಲದೆಯೇ ಕೈ ಬದಲಾಗುತ್ತವೆ. 2008ರಲ್ಲಿ ಹಾಂಗ್‌ಕಾಂಗ್ ವೈನ್ ಮೇಲಿನ ಸುಂಕ ತೆಗೆದುಹಾಕಿತು. ಚೀನಾದ ಬೇಡಿಕೆಯೂ ಸೇರಿ ಬೋರ್ಡೋದ ಹೆಸರಾಂತ ವೈನ್ ಶಾಟೋ ಲಫೀಟ್‌ನ ಬೆಲೆ ಗಗನಕ್ಕೇರಿತು, 2011ರ ನಂತರ ಧಡಕ್ಕನೆ ಇಳಿಯಿತು. ಬಾಟಲಿಯೊಳಗಿನ ವೈನ್ ಮಾತ್ರ ಅದೇ!

ಫ್ರಾನ್ಸ್‌ನದೇ ಇನ್ನೊಂದು ವೈನ್ ಸೀಮೆ ಬರ್ಗಂಡಿಯ ರೊಮಾನೆ ಕಾಂಟಿ ದ್ರಾಕ್ಷಿತೋಟ ಎರಡು ಹೆಕ್ಟೇರ್‌ಗೂ ಕಡಿಮೆ. ಅಂಥ ಕಡೆ ಸ್ವಲ್ಪ ಹಣ ನುಗ್ಗಿದರೂ ಸವಿಯಬಲ್ಲವರಿಗೆ ಅಲ್ಲಿನ ವೈನ್ ಎಟುಕುವುದಿಲ್ಲ, ನನಗೆ ಬೇಸರವಾಗುವುದು ಇದಕ್ಕೇ. ದಿನಬಳಕೆಯ ವೈನ್‌ಗೆ ಈ ಬಿಸಿ ಅಷ್ಟು ತಟ್ಟದು. ಏಕೆಂದರೆ ವರ್ಷಗಟ್ಟಲೆ ಇಟ್ಟರೆ ಅದು ರುಚಿ ಕಳೆದುಕೊಳ್ಳುತ್ತದೆ.