ಡೆರಿಕ್ ವೈಟ್‌ಗೆ ಕೊಟ್ಟ ಬೆಲೆ ಜಾಸ್ತಿಯಾಯ್ತಾ?

ಓದುಗರ ಪತ್ರ

ಮಾನ್ಯ ಸಂಪಾದಕರೇ,

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಬಾಸ್ಟನ್ ಸೆಲ್ಟಿಕ್ಸ್ ತಂಡ ಸ್ಯಾನ್ ಆಂಟೋನಿಯೊ ಸ್ಪರ್ಸ್‌ನಿಂದ ಡೆರಿಕ್ ವೈಟ್ ಅವರನ್ನು ತಂದದ್ದು ಈಚಿನ ವರ್ಷಗಳ ಜಾಣ ಟ್ರೇಡ್‌ಗಳಲ್ಲಿ (ತಂಡಗಳ ನಡುವಿನ ಆಟಗಾರರ ವಿನಿಮಯ) ಒಂದು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನು ಬಾಸ್ಟನ್ ಹತ್ತಿರವೇ ಇರುವವನು. ನಾವು ನಾಲ್ಕಾರು ಕನ್ನಡದ ಗೆಳೆಯರು ಒಟ್ಟಿಗೆ ಪಂದ್ಯ ನೋಡುತ್ತೇವೆ. ಈ ವಿಷಯಕ್ಕೆ ನಮ್ಮಲ್ಲಿ ಪ್ರತಿ ಸಲ ಜಗಳ. ನನ್ನ ಪ್ರಕಾರ ಅದು ದುಬಾರಿ ಟ್ರೇಡ್. ಪಂದ್ಯಕ್ಕೆ ಹತ್ತು ಹನ್ನೊಂದು ಪಾಯಿಂಟ್ ಗಳಿಸುವ ಸಹಾಯಕ ಆಟಗಾರನಿಗಾಗಿ ಇಬ್ಬರು ಆಟಗಾರರು, ಮೊದಲ ಸುತ್ತಿನ ಒಂದು ಪಿಕ್ (ಡ್ರಾಫ್ಟ್‌ನಲ್ಲಿ, ಅಂದರೆ ಪ್ರತಿ ವರ್ಷದ ಹೊಸ ಆಟಗಾರರ ಹಂಚಿಕೆಯಲ್ಲಿ, ಒಬ್ಬನನ್ನು ಆರಿಸುವ ಸರದಿ), ಅದರ ಮೇಲೆ 2028ರ ಸ್ವಾಪ್ (ಆ ವರ್ಷದ ಸರದಿಯನ್ನು ಅದಲುಬದಲು ಮಾಡಿಕೊಳ್ಳುವ ಹಕ್ಕು)! ಬ್ರೂಕ್ಲಿನ್‌ನವರು ಹೀಗೆ ಪಿಕ್ ಕೈಬಿಟ್ಟದ್ದರಿಂದಲೇ ನಮಗೆ ಸ್ಟಾರ್‌ಗಳಾದ ಜೇಸನ್ ಟೇಟಮ್, ಜೇಲೆನ್ ಬ್ರೌನ್ ಸಿಕ್ಕಿದ್ದು. ಅದನ್ನು ನಮ್ಮವರೇ ಮರೆತರಾ? 2023ರಲ್ಲಿ ಮಯಾಮಿಯಲ್ಲಿ ಕೊನೆಯ ಕ್ಷಣದ ಆ ಚೆಂಡು ವೈಟ್ ಕೈಗೆ ಬೀಳದಿದ್ದರೆ ಯಾರೂ ಹೊಗಳುತ್ತಿರಲಿಲ್ಲ. ಗೆದ್ದ ಮೇಲೆ ಎಲ್ಲ ಟ್ರೇಡೂ ಜಾಣತನವೇ ಅಲ್ವಾ?

ಸಂಪಾದಕರ ಉತ್ತರ

ನಮಸ್ಕಾರ. ನಿಮ್ಮ ಕೊನೆಯ ಮಾತನ್ನು ಒಪ್ಪುತ್ತೇನೆ. ಗೆದ್ದರು ಎಂಬ ಒಂದೇ ಕಾರಣಕ್ಕೆ ಯಾವ ಟ್ರೇಡನ್ನೂ ಜಾಣತನ ಎನ್ನಬಾರದು. ಸೋತರು ಅಂತ ದಡ್ಡತನ ಎನ್ನುವುದೂ ತಪ್ಪು. ಟ್ರೇಡ್ ಮಾಡಿದ ದಿನ ತಂಡಕ್ಕೆ ಏನು ಕೊರತೆ ಇತ್ತು, ಬರುವ ಆಟಗಾರನ ಬಗ್ಗೆ ಏನು ಗೊತ್ತಿತ್ತು, ಕೊಟ್ಟದ್ದೆಷ್ಟು, ಇಷ್ಟನ್ನೇ ನೋಡಬೇಕು. ಹಾಗೆ ನೋಡಿದರೂ ಈ ಟ್ರೇಡ್ ಸರಿ ಅಂತಲೇ ನನಗೆ ಅನ್ನಿಸುತ್ತದೆ. ಅದಕ್ಕೇ ಬಾಸ್ಟನ್ ಗೆದ್ದ 2024ರ ಚಾಂಪಿಯನ್‌ಷಿಪ್ಪನ್ನು ಇಲ್ಲಿ ಸಾಕ್ಷಿಗೆ ಕರೆಯುವುದಿಲ್ಲ. ಮಯಾಮಿಯ ಆ ಬ್ಯಾಸ್ಕೆಟನ್ನೂ ಕರೆಯುವುದಿಲ್ಲ. ಅದರ ಬಗ್ಗೆ ಹೇಳುವುದು ಬೇರೆ ಇದೆ, ಆಮೇಲೆ ಹೇಳುತ್ತೇನೆ.

ಟ್ರೇಡ್ ಆದದ್ದು 2022ರ ಫೆಬ್ರುವರಿ 10ರಂದು, ಆ ಸೀಸನ್ನಿನ ಗಡುವಿನ ದಿನ. ಅದಕ್ಕೆ ಸುಮಾರು ಒಂದು ತಿಂಗಳ ಹಿಂದೆ ಸೆಲ್ಟಿಕ್ಸ್ ಹೇಗಿತ್ತು ನೆನಪಿಸಿಕೊಳ್ಳಿ. ಜನವರಿ 6ರಂದು ನ್ಯೂಯಾರ್ಕ್‌ನಲ್ಲಿ 25 ಪಾಯಿಂಟ್ ಮುಂದಿದ್ದವರು ಕೊನೆಯ ಕ್ಷಣದ ಒಂದು ಶಾಟ್‌ಗೆ ಸೋತರು. ಆ ರಾತ್ರಿಗೆ 18 ಗೆಲುವು, 21 ಸೋಲು. ಟೇಟಮ್ ಮತ್ತು ಬ್ರೌನ್ ಒಟ್ಟಿಗೆ ಆಡಲಾರರು, ಒಬ್ಬರನ್ನು ಮಾರಿಬಿಡಿ ಅಂತ ಬಾಸ್ಟನ್ನಿನಲ್ಲೇ ಕೂಗು ಎದ್ದಿತ್ತು. ತಂಡದ ಡಿಫೆನ್ಸ್ ಕೆಟ್ಟದಾಗಿರಲಿಲ್ಲ. ತೊಂದರೆ ಇದ್ದದ್ದು ಕೊನೆಯ ನಿಮಿಷಗಳ ಆಟದಲ್ಲಿ. ಚೆಂಡು ಟೇಟಮ್ ಕೈಯಲ್ಲಿ ನಿಲ್ಲುತ್ತಿತ್ತು, ಇಲ್ಲವೇ ಬ್ರೌನ್ ಕೈಯಲ್ಲಿ. ಉಳಿದವರು ನಿಂತು ನೋಡುತ್ತಿದ್ದರು.

ಜನವರಿ ಮುಗಿಯುವ ಹೊತ್ತಿಗೆ ತಂಡ ಗೆಲ್ಲತೊಡಗಿತು. ಗೆಲ್ಲುತ್ತಿರುವಾಗ ಕೈ ಹಾಕುವುದು ಬೇಡ ಅಂತ ಬ್ರಾಡ್ ಸ್ಟೀವನ್ಸ್ ಸುಮ್ಮನಿರಬಹುದಿತ್ತು. ಆದರೆ ಅವರು ಈ ಇಬ್ಬರು ಹುಡುಗರಿಗೆ ವರ್ಷಗಟ್ಟಲೆ ಕೋಚ್ ಆಗಿದ್ದವರು. ಕೋಚ್ ಸ್ಥಾನ ಬಿಟ್ಟು ಟ್ರೇಡ್ ಮಾಡುವ ಕುರ್ಚಿಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಕೊರತೆ ಎಲ್ಲಿದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಈ ತಂಡಕ್ಕೆ ಬೇಕಿದ್ದದ್ದು ಚೆಂಡು ಬಂದ ಅರೆಕ್ಷಣದಲ್ಲಿ ಏನು ಮಾಡಬೇಕು ಅಂತ ತೀರ್ಮಾನಿಸುವ ಆಟಗಾರ. ಪಾಸ್, ಶಾಟ್, ಇಲ್ಲವೇ ನುಗ್ಗು. ಮತ್ತೆ, ಡಿಫೆನ್ಸ್‌ನಲ್ಲಿ ಎದುರಾಳಿ ಹುಡುಕಿ ಹುಡುಕಿ ಮೇಲೆ ಬೀಳುವಂಥ ದುರ್ಬಲ ಜಾಗ ಆಗದವನು.

ಈಗ ವೈಟ್ ವಿಷಯಕ್ಕೆ ಬರೋಣ. ಪಂದ್ಯಕ್ಕೆ ಹನ್ನೊಂದು ಪಾಯಿಂಟ್ ಅಂದಿರಿ, ಬಾಸ್ಟನ್‌ಗೆ ಬಂದ ಆ ಸೀಸನ್ನಿನ ಮಟ್ಟಿಗೆ ಲೆಕ್ಕ ಸರಿಯಾಗಿಯೇ ಇದೆ. ಆದರೆ ಪಂದ್ಯ ನೋಡುವಾಗ ಒಮ್ಮೆ ಚೆಂಡನ್ನು ಬಿಟ್ಟು ಅವರೊಬ್ಬರನ್ನೇ ನೋಡಿ. ಎದುರಾಳಿ ಸ್ಕ್ರೀನ್ ಇಟ್ಟಾಗ, ಅಂದರೆ ಅಡ್ಡ ನಿಂತು ದಾರಿ ತಡೆದಾಗ, ಹೇಗೆ ನುಸುಳಿ ಮತ್ತೆ ತನ್ನ ಆಟಗಾರನ ಪಕ್ಕ ಬರುತ್ತಾರೆ ನೋಡಿ. ತಮ್ಮನ್ನು ದಾಟಿ ಹೋದವನನ್ನು ಹಿಂದಿನಿಂದ ಅಟ್ಟಿಸಿಕೊಂಡು ಹೋಗಿ ಬ್ಲಾಕ್ ಮಾಡುತ್ತಾರೆ. ಆರಡಿ ನಾಲ್ಕಿಂಚಿನ ಗಾರ್ಡ್ 2023-24ರಲ್ಲಿ ಪಂದ್ಯಕ್ಕೆ ಒಂದಕ್ಕಿಂತ ಜಾಸ್ತಿ ಬ್ಲಾಕ್ ಮಾಡಿದ್ದು ಸಾಮಾನ್ಯ ಮಾತಲ್ಲ. ಕೈಯಲ್ಲಿ ಚೆಂಡು ಇಟ್ಟುಕೊಂಡು ಯೋಚಿಸುತ್ತಾ ನಿಲ್ಲುವುದನ್ನು ನಾನಂತೂ ಅಪರೂಪಕ್ಕೆ ನೋಡಿದ್ದೇನೆ. ಹಾಗೆ ಚೆಂಡು ಬೇಗ ಕೈ ಬದಲಾಯಿಸಿದಾಗ ಟೇಟಮ್‌ಗೆ ಇಬ್ಬರು ಕಾವಲುಗಾರರ ಬದಲು ಒಬ್ಬ ಎದುರಾಗುತ್ತಾನೆ. ಆಗ ಬರುವ ಪಾಯಿಂಟ್ ಟೇಟಮ್ ಹೆಸರಲ್ಲಿ ದಾಖಲಾಗುತ್ತದೆ. ಅದರಲ್ಲಿ ವೈಟ್ ಪಾಲು ಎಷ್ಟು ಅಂತ ಸ್ಕೋರ್ ಕಾರ್ಡ್ ಹೇಳುವುದಿಲ್ಲ. ಇಂಥ ಆಟಗಾರರನ್ನು ಪಾಯಿಂಟ್ ಸರಾಸರಿಯಿಂದ ಅಳೆಯುವುದೇ ನಮ್ಮ ಎಷ್ಟೋ ಜಗಳಗಳಿಗೆ ಮೂಲ.

ಇದೆಲ್ಲ ಆ ದಿನವೇ ಗೊತ್ತಿತ್ತಾ? ಗೊತ್ತಿತ್ತು. ಆಗಿನ ಕೋಚ್ ಇಮೆ ಉಡೋಕಾ 2019ರವರೆಗೆ ಸ್ಯಾನ್ ಆಂಟೋನಿಯೊ ಸ್ಪರ್ಸ್‌ನಲ್ಲಿ ಸಹಾಯಕ ಕೋಚ್ ಆಗಿದ್ದರು. ವೈಟ್ ಅಲ್ಲಿಗೆ ಬಂದದ್ದು 2017ರಲ್ಲಿ. ದಿನವೂ ಅಭ್ಯಾಸದಲ್ಲಿ ನೋಡಿದ ಆಟಗಾರನನ್ನೇ ಅವರು ಮತ್ತೆ ಪಡೆದರು. ಇನ್ನೊಂದು ಮುಖ್ಯ ಸಂಗತಿ, ವೈಟ್‌ಗೆ ಆಗ 27 ವರ್ಷ, ಒಪ್ಪಂದ ಇದ್ದದ್ದು 2025ರ ಬೇಸಿಗೆಯವರೆಗೆ. ಆರು ತಿಂಗಳಿಗೆ ಬಂದು ಹೋಗುವ ಬಾಡಿಗೆ ಆಟಗಾರ ಆಗಿರಲಿಲ್ಲ. ಸಂಬಳದ ಮಿತಿ ಮೀರಿದ್ದ ಬಾಸ್ಟನ್‌ಗೆ ಇಂಥವರನ್ನು ಸುಮ್ನೆ ದುಡ್ಡು ಕೊಟ್ಟು ಕರೆತರುವ ದಾರಿಯೇ ಇರಲಿಲ್ಲ. ಹೆಚ್ಚುಕಮ್ಮಿ ಅಷ್ಟೇ ಸಂಬಳದವರನ್ನು ಕಳಿಸಬೇಕು ಅನ್ನುವುದು ನಿಯಮ. ಜೋಶ್ ರಿಚರ್ಡ್‌ಸನ್ ಹೋದದ್ದಕ್ಕೆ ಮುಖ್ಯ ಕಾರಣ ಅದು. ಇನ್ನೊಬ್ಬ ರೋಮಿಯೊ ಲ್ಯಾಂಗ್‌ಫರ್ಡ್ 2019ರ ಡ್ರಾಫ್ಟ್‌ನ 14ನೇ ಆಯ್ಕೆ. ಗಾಯಗಳ ನಡುವೆ ತಂಡದಲ್ಲಿ ಅವರಿಗೆ ಜಾಗವೇ ಗಟ್ಟಿಯಾಗಿರಲಿಲ್ಲ.

ಮೂರು ಪಾಯಿಂಟ್ ಶಾಟ್ ಬಗ್ಗೆ ನೀವು ಬರೆದಿಲ್ಲ. ಆದರೆ ಟೀಕೆಗೆ ಅದೇ ಅತಿ ಗಟ್ಟಿ ಜಾಗ. ಬಾಸ್ಟನ್‌ಗೆ ಬಂದ ಮೊದಲ ತಿಂಗಳುಗಳಲ್ಲಿ ವೈಟ್ ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿ ಹೊಡೆಯುತ್ತಿದ್ದರು. ಎದುರಾಳಿಗಳು ಬೇಕಂತಲೇ ಅವರನ್ನು ಖಾಲಿ ಬಿಡುತ್ತಿದ್ದರು. ಇಲ್ಲಿ ಸ್ಟೀವನ್ಸ್ ಅಪಾಯ ತೆಗೆದುಕೊಂಡದ್ದು ನಿಜ. ಆದರೆ ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಲಿಲ್ಲ. ವೈಟ್ ಫ್ರೀ ಥ್ರೋಗಳನ್ನು ನೂರಕ್ಕೆ 80ಕ್ಕಿಂತ ಹೆಚ್ಚು ಹಾಕುವವರು. ಫ್ರೀ ಥ್ರೋ ಚೆನ್ನಾಗಿರುವ ಆಟಗಾರನ ಕೈ ಕೆಟ್ಟಿಲ್ಲ, ದೂರದ ಶಾಟ್ ಸುಧಾರಿಸಬಹುದು ಅಂತ ತಂಡಗಳು ನಂಬುವುದಕ್ಕೆ ಕಾರಣ ಇದೆ. 2023-24ಕ್ಕೆ ಅವರ ಲೆಕ್ಕ ನಲವತ್ತರ ಹತ್ತಿರ ಬಂತು.

ಪಿಕ್ ವಿಷಯ. 2022ರ ಪಿಕ್ 25ನೆಯದಾಯಿತು. ಸ್ಪರ್ಸ್ ಅದರಲ್ಲಿ ಬ್ಲೇಕ್ ವೆಸ್ಲಿಯನ್ನು ಆರಿಸಿಕೊಂಡಿತು, 2025ರಲ್ಲಿ ಬೇರೆ ತಂಡಕ್ಕೆ ಕಳಿಸಿತು. ಆದರೆ ಇದನ್ನು ಮುಂದಿಟ್ಟು ವಾದ ಗೆಲ್ಲುವುದು ನನಗಿಷ್ಟವಿಲ್ಲ. ಯಾಕೆಂದರೆ ವೈಟ್ ಅವರೇ 29ನೇ ಆಯ್ಕೆ. ಕೊಲೊರಾಡೊ ಸ್ಪ್ರಿಂಗ್ಸ್‌ನ ಎರಡನೇ ದರ್ಜೆಯ ಕಾಲೇಜು ತಂಡದಲ್ಲಿ ಮೂರು ವರ್ಷ ಆಡಿ, ಆಮೇಲೆ ದೊಡ್ಡ ಕಾಲೇಜಿಗೆ ಬಂದವರು. ಹಾಗಿದ್ದರೆ ಇಪ್ಪತ್ತೈದನೇ ಜಾಗದಲ್ಲೂ ಇನ್ನೊಬ್ಬ ವೈಟ್ ಸಿಗಬಹುದಿತ್ತಲ್ಲ? ಸಿಗಬಹುದಿತ್ತು. ಆದರೆ ಆ ಹುಡುಗ ಪಳಗುವುದಕ್ಕೆ ನಾಲ್ಕೈದು ವರ್ಷ ಬೇಕು. ಟೇಟಮ್‌ಗೆ ಆಗ 23, ಬ್ರೌನ್‌ಗೆ 25. ಅವರ ಒಳ್ಳೆಯ ವರ್ಷಗಳು ಕಾಯುವುದಿಲ್ಲ.

ಇನ್ನು ನಿಮ್ಮ ಬ್ರೂಕ್ಲಿನ್ ಉದಾಹರಣೆ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಇಷ್ಟವಾದ ಭಾಗ ಅದೇ. 2013ರಲ್ಲಿ ಬ್ರೂಕ್ಲಿನ್ ನೆಟ್ಸ್ ಮೂರು ಮೊದಲ ಸುತ್ತಿನ ಪಿಕ್ ಮತ್ತು 2017ರ ಸ್ವಾಪ್ ಕೊಟ್ಟು ಕೆವಿನ್ ಗಾರ್ನೆಟ್, ಪಾಲ್ ಪಿಯರ್ಸ್ ಅವರನ್ನು ಪಡೆಯಿತು. ಅದರಲ್ಲೊಂದು ಪಿಕ್ 2016ರಲ್ಲಿ ಮೂರನೆಯದಾಗಿ ಬ್ರೌನ್ ಬಂದರು. ಸ್ವಾಪ್ ಮೊದಲನೇ ಜಾಗವನ್ನೇ ತಂದುಕೊಟ್ಟಿತು. ಬಾಸ್ಟನ್ ಅದನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟು, ಮೂರನೇ ಜಾಗ ಮತ್ತು ಮುಂದಿನ ಒಂದು ಪಿಕ್ ಪಡೆದು, ಟೇಟಮ್ ಅವರನ್ನು ಆರಿಸಿಕೊಂಡಿತು. ಸ್ವಾಪ್ ಎಂದರೆ ಎಂಥ ಬೆಂಕಿ ಅಂತ ಬಾಸ್ಟನ್ನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅದು ಖಂಡಿತ ನಿಜ.

ಆದರೆ ನೆಟ್ಸ್ ತಂದದ್ದು 37 ವರ್ಷದ ಗಾರ್ನೆಟ್‌ರನ್ನು, 35ರ ಪಿಯರ್ಸ್‌ರನ್ನು. ಅವರು ನಿವೃತ್ತಿಯ ಹತ್ತಿರ ಬರುವಾಗಲೇ ಪಿಕ್‌ಗಳ ಲೆಕ್ಕ ತೀರಿಸುವ ವರ್ಷಗಳು ಬಂದವು. ಬಾಸ್ಟನ್ ಕೊಟ್ಟದ್ದು ಒಂದು ಪಿಕ್, ಒಂದು ಸ್ವಾಪ್. ಸ್ವಾಪ್‌ನಲ್ಲಿ ಮೊದಲನೇ ಜಾಗಕ್ಕೆ ರಕ್ಷಣೆಯೂ ಇದೆ, ಅಂದರೆ ಬಾಸ್ಟನ್‌ಗೆ ಮೊದಲನೇ ಸರದಿ ಬಂದರೆ ಅದು ಬಾಸ್ಟನ್ ಬಳಿಯೇ ಉಳಿಯುತ್ತದೆ. 2028ರಲ್ಲಿ ಬಾಸ್ಟನ್ ಪಿಕ್ ತಮ್ಮದಕ್ಕಿಂತ ಮೇಲಿದ್ದರೆ ಮಾತ್ರ ಸ್ಪರ್ಸ್‌ಗೆ ಲಾಭ. ಸ್ಟಾರ್ ಆಟಗಾರ ವಿಕ್ಟರ್ ವೆಂಬನ್ಯಾಮ ಇರುವ ಸ್ಪರ್ಸ್ ಆ ಹೊತ್ತಿಗೆ ಗೆಲುವಿನ ಪಟ್ಟಿಯಲ್ಲಿ ಮೇಲಿದ್ದು, ಬಾಸ್ಟನ್ನೂ ಮೇಲಿದ್ದರೆ ನಾಲ್ಕಾರು ಜಾಗದ ಅದಲುಬದಲು, ಅಷ್ಟೇ. ಬಾಸ್ಟನ್ ಕುಸಿದರೆ ಮಾತ್ರ ಪೆಟ್ಟು ದೊಡ್ಡದು, ಯಾಕೆಂದರೆ ಪಟ್ಟಿಯಲ್ಲಿ ಕೆಳಗಿರುವ ತಂಡಗಳಿಗೇ ಮೇಲಿನ ಪಿಕ್ ಸಿಗುವ ಸಾಧ್ಯತೆ ಹೆಚ್ಚು. 2025ರ ಮೇ ತಿಂಗಳಲ್ಲಿ ಟೇಟಮ್ ಕಾಲಿನ ಅಕಿಲೀಸ್ (ಹಿಮ್ಮಡಿಯ ಸ್ನಾಯುರಜ್ಜು) ಹರಿದುಕೊಂಡರು. ಆ ಬೇಸಿಗೆಯಲ್ಲಿ ಜ್ರೂ ಹಾಲಿಡೇ, ಕ್ರಿಸ್ಟಾಪ್ಸ್ ಪೋರ್ಜಿಂಗಿಸ್ ಇಬ್ಬರನ್ನೂ ಬಿಟ್ಟುಕೊಡಬೇಕಾಯಿತು. ಹಾಗಾಗಿ ನಿಮ್ಮ ಭಯ ಹುರುಳಿಲ್ಲದ್ದಲ್ಲ. ಈ ಟ್ರೇಡ್‌ನ ಬಿಲ್ ಇನ್ನೂ ಪೂರ್ತಿ ಬಂದಿಲ್ಲ.

ಹಳೆಯ ಒಂದು ಉದಾಹರಣೆ ಕೊಡುತ್ತೇನೆ. 2006ರಲ್ಲಿ ಹ್ಯೂಸ್ಟನ್ ರಾಕೆಟ್ಸ್ ಡ್ರಾಫ್ಟ್‌ನ ಎಂಟನೇ ಆಯ್ಕೆ ರೂಡಿ ಗೇ ಅವರನ್ನು ಕೊಟ್ಟು ಶೇನ್ ಬ್ಯಾಟಿಯರ್ ಅವರನ್ನು ತಂದಿತು. ಒಬ್ಬ ಡಿಫೆನ್ಸ್ ಆಟಗಾರನಿಗಾಗಿ ನಾಳೆಯ ಸ್ಟಾರ್‌ನನ್ನು ಕೊಟ್ಟರಲ್ಲ ಅಂತ ಬಹಳ ಜನ ಬೈದರು. 2008ರಲ್ಲಿ ಅದೇ ತಂಡ ಸತತ 22 ಪಂದ್ಯ ಗೆದ್ದಿತು. ಆ ಓಟ ನಿಲ್ಲಿಸಿದ್ದು ನಿಮ್ಮ ಬಾಸ್ಟನ್ನೇ. ರಾಕೆಟ್ಸ್‌ನಲ್ಲಿ ಬ್ಯಾಟಿಯರ್‌ಗೆ ಚಾಂಪಿಯನ್‌ಷಿಪ್ ಸಿಗಲಿಲ್ಲ. ಆದರೂ ನನ್ನ ಮಟ್ಟಿಗೆ ಅದು ಒಳ್ಳೆಯ ಟ್ರೇಡ್. ಯಾವೊ ಮಿಂಗ್, ಟ್ರೇಸಿ ಮೆಕ್‌ಗ್ರೇಡಿ ಇದ್ದ ತಂಡಕ್ಕೆ ಚೆಂಡು ಕೇಳುವ ಮೂರನೆಯವನು ಬೇಕಿರಲಿಲ್ಲ.

ಹಾಗಂತ ಎಂಥ ಬೆಲೆ ಕೊಟ್ಟರೂ ಸರಿ ಅನ್ನುತ್ತಿಲ್ಲ. 2024ರಲ್ಲಿ ನ್ಯೂಯಾರ್ಕ್ ನಿಕ್ಸ್ ಮಿಕಾಲ್ ಬ್ರಿಜಸ್‌ಗಾಗಿ ಐದು ಮೊದಲ ಸುತ್ತಿನ ಪಿಕ್ ಕೊಟ್ಟಿತು, ಜೊತೆಗೆ ಒಂದು ಸ್ವಾಪ್. ಬ್ರಿಜಸ್ ಒಳ್ಳೆಯ ಆಟಗಾರ. 2025ರ ಪ್ಲೇ ಆಫ್‌ನ ಎರಡನೇ ಸುತ್ತಿನ ಮೊದಲೆರಡು ಪಂದ್ಯಗಳಲ್ಲಿ ಕೊನೆಯ ಕ್ಷಣದಲ್ಲಿ ಚೆಂಡು ಕಸಿದು ಬಾಸ್ಟನ್ನನ್ನು ಸೋಲಿಸಿದ್ದನ್ನು ನೀವು ನೋಡಿಯೇ ಇರುತ್ತೀರಿ, ಪಾಪ. ಆದರೂ ಆಗ ಒಮ್ಮೆಯೂ ಆಲ್ ಸ್ಟಾರ್ ಆಗಿರದ ಆಟಗಾರನಿಗೆ ಐದು ಪಿಕ್ ನನಗೆ ಜಾಸ್ತಿ ಅಂತಲೇ ಕಾಣುತ್ತದೆ. ಆ ಎರಡು ಸ್ಟೀಲ್‌ಗಳಿಂದ ನನ್ನ ಅಭಿಪ್ರಾಯ ಬದಲಾಗಿಲ್ಲ. ಬಾಸ್ಟನ್ನಿನ ಟ್ರೇಡ್ ಆ ಗಾತ್ರದ್ದೇ ಅಲ್ಲ.

ಮಯಾಮಿಗೆ ಬರೋಣ. 2023ರ ಮೇ 27, ಈಸ್ಟ್ ಫೈನಲ್‌ನ (ಲೀಗಿನ ಪೂರ್ವ ಭಾಗದ ತಂಡಗಳ ಫೈನಲ್) ಆರನೇ ಪಂದ್ಯ. ಮೂರು ಪಂದ್ಯ ಸೋತು, ಎರಡು ಗೆದ್ದು ಬಂದಿದ್ದ ಬಾಸ್ಟನ್. ಮೂರು ಸೆಕೆಂಡ್ ಉಳಿದಿರುವಾಗ ಜಿಮ್ಮಿ ಬಟ್ಲರ್ ಮೂರು ಫ್ರೀ ಥ್ರೋ ಹಾಕಿದರು. 103-102, ಮಯಾಮಿ ಮುಂದೆ. ಸೈಡ್ ಲೈನ್‌ನಿಂದ ಚೆಂಡು ಒಳಗೆ ಕೊಟ್ಟವರು ವೈಟ್. ಮಾರ್ಕಸ್ ಸ್ಮಾರ್ಟ್ ತಿರುಗಿ ಹೊಡೆದರು, ಚೆಂಡು ರಿಮ್‌ನಿಂದ ಹೊರಬಂತು. 0.1 ಸೆಕೆಂಡ್ ಬಾಕಿ ಇರುವಾಗ ವೈಟ್ ಅದನ್ನು ಒಳಗೆ ತಟ್ಟಿದರು. ಚೆಂಡು ಅವರ ಕೈಗೆ ಬಿತ್ತು ಅಂತ ಬರೆದಿದ್ದೀರಿ. ದಯವಿಟ್ಟು ಆ ತುಣುಕನ್ನು ಇನ್ನೊಮ್ಮೆ ನೋಡಿ. ಪಾಸ್ ಕೊಟ್ಟ ಮೇಲೆ ಅವರು ಒಂದು ಕ್ಷಣವೂ ನಿಲ್ಲುವುದಿಲ್ಲ. ಎಲ್ಲರ ಕಣ್ಣು ಸ್ಮಾರ್ಟ್ ಮೇಲೆ ಇರುವಾಗ ನೇರ ಬ್ಯಾಸ್ಕೆಟ್ ಕಡೆ ಓಡುತ್ತಾರೆ. ಚೆಂಡು ಆ ಪಕ್ಕಕ್ಕೆ ಪುಟಿದದ್ದು ಅದೃಷ್ಟ. ಓಡಿದ್ದು ಅದೃಷ್ಟ ಅಲ್ಲ. ಇಷ್ಟಾಗಿಯೂ ಏಳನೇ ಪಂದ್ಯ ಬಾಸ್ಟನ್ ತನ್ನ ಮನೆಯಲ್ಲೇ ಸೋತಿತು. ಅದಕ್ಕೇ ಆ ಬ್ಯಾಸ್ಕೆಟ್ ಟ್ರೇಡ್‌ಗೆ ಸಾಕ್ಷಿ ಅಲ್ಲ ಅಂದದ್ದು. ವೈಟ್ ಎಂಥ ಆಟಗಾರ ಅನ್ನುವುದಕ್ಕೆ ಮಾತ್ರ ಸಾಕ್ಷಿ.

ಆ ಸೋಲಿನ ನಂತರ ಆದದ್ದನ್ನು ಅಭಿಮಾನಿಗಳು ಅಷ್ಟಾಗಿ ಗಮನಿಸುವುದಿಲ್ಲ. ಮುಂದಿನ ತಿಂಗಳೇ ಸ್ಟೀವನ್ಸ್ ಸ್ಮಾರ್ಟ್ ಅವರನ್ನು ಮೆಂಫಿಸ್‌ಗೆ ಕಳಿಸಿ ಪೋರ್ಜಿಂಗಿಸ್ ಅವರನ್ನು ತಂದರು. ಸ್ಮಾರ್ಟ್ 2022ರಲ್ಲಿ ಲೀಗಿನ ಅತ್ಯುತ್ತಮ ಡಿಫೆನ್ಸ್ ಆಟಗಾರ, ಆ ಊರಿನ ಮುದ್ದಿನ ಹುಡುಗ. ಅಂಥವರನ್ನು ಕಳಿಸುವ ಧೈರ್ಯ ಬಂದದ್ದು ಆ ಜಾಗ ತುಂಬಲು ವೈಟ್ ಇದ್ದದ್ದರಿಂದ. ಒಂದು ಟ್ರೇಡ್ ಇನ್ನೊಂದಕ್ಕೆ ಬಾಗಿಲು ತೆರೆಯಿತು. ಮುಂದಿನ ಪ್ಲೇ ಆಫ್‌ನಲ್ಲಿ, ಮಯಾಮಿ ಎದುರು ಪೋರ್ಜಿಂಗಿಸ್ ಗಾಯಗೊಂಡು ಹೊರಹೋದ ಪಂದ್ಯದಲ್ಲೇ, ವೈಟ್ 38 ಪಾಯಿಂಟ್ ಹೊಡೆದರು.

ನಿಮ್ಮ ಗೆಳೆಯರ ಜೊತೆ ಮುಂದಿನ ಸಲ ಜಗಳ ಆಡುವಾಗ ಒಂದು ಬೇರೆ ವಿಷಯ ಎತ್ತಿ ನೋಡಿ. 2024ರ ಬೇಸಿಗೆಯಲ್ಲಿ ಬಾಸ್ಟನ್ ವೈಟ್ ಜೊತೆ ಮತ್ತೆ ನಾಲ್ಕು ವರ್ಷದ ಒಪ್ಪಂದ ಮಾಡಿಕೊಂಡಿತು, ಸುಮಾರು 12.6 ಕೋಟಿ ಡಾಲರ್. ಸ್ವಾಪ್ ಜಾರಿಗೆ ಬರುವ 2028ರಲ್ಲೇ, ಜುಲೈಗೆ, ಅವರಿಗೆ 34 ತುಂಬುತ್ತದೆ. ಓಟ ಮತ್ತು ಜಿಗಿತವನ್ನೇ ನಂಬಿದ ಡಿಫೆನ್ಸ್ ಆ ವಯಸ್ಸಿಗೆ ಎಷ್ಟು ಉಳಿದಿರುತ್ತದೆ? ದುಬಾರಿ ಅನ್ನುವ ನಿಮ್ಮ ಮಾತು ಅಲ್ಲಿ ಗಟ್ಟಿಯಾಗಿ ನಿಲ್ಲಬಹುದು. ನಿಮ್ಮ ಗುಂಪಿನಲ್ಲಿ ವೈಟ್ ಪರ ಇರುವವರು ಇದಕ್ಕೆ ಏನು ಹೇಳುತ್ತಾರೆ ಅಂತ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ಸಂಪಾದಕ