ಮಂಡಕ್ಕಿ ಭಟ್ಟಿಯ ಸಂಗತಿಯನ್ನು ಅರ್ಜಿಯಿಂದ ತೆಗೆಯಬೇಡಿ

ಮಾನ್ಯರೇ,

ದಾವಣಗೆರೆಯಿಂದ ನೀವು ಬರೆದ ನಾಲ್ಕು ಪುಟಗಳ ಪತ್ರವನ್ನು ಎರಡು ಸಲ ಓದಿದೆ. ಎಸ್ಸೆಸ್ಸೆಲ್ಸಿಯಲ್ಲಿ ಶೇಕಡ 97 ಅಂಕ ಪಡೆದು ಈಗ ಪ್ರಥಮ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿರುವ ನಿಮ್ಮ ಮಗಳು ಪದವಿಗಾಗಿ ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಬಯಸಿದ್ದಾಳೆ. ಅದಕ್ಕೆ ಅಂಕಗಳಷ್ಟೇ ಸಾಕೇ, ಅಷ್ಟು ಖರ್ಚು ನಿಮ್ಮಂಥವರಿಂದ ಸಾಧ್ಯವೇ ಎಂದು ಕೇಳಿದ್ದೀರಿ. ಇವೆರಡರ ನಡುವೆ ಇನ್ನೊಂದು ಪ್ರಶ್ನೆಯಿದೆ. ಪ್ರಬಂಧವನ್ನು ತಾವೇ ಬರೆದುಕೊಡುವುದಾಗಿಯೂ, ಆಕೆಯ ಹೆಸರಿನಲ್ಲಿ ಒಂದು ಸೇವಾಸಂಸ್ಥೆಯನ್ನು ಹುಟ್ಟುಹಾಕಿಸುವುದಾಗಿಯೂ, ಆದರೆ ಮನೆಯವರ ಮಂಡಕ್ಕಿ ಭಟ್ಟಿಯ ಸುದ್ದಿ ಎಲ್ಲಿಯೂ ಬರಬಾರದೆಂದೂ ಹೇಳಿದ ಸಲಹಾ ಕೇಂದ್ರದವರನ್ನು ನಂಬಬಹುದೇ ಎಂಬುದು ಅದು. ನನ್ನನ್ನು ಕಾಡಿದ್ದು ಇದೇ ಆದ್ದರಿಂದ ಇದಕ್ಕೇ ಮೊದಲು ಉತ್ತರಿಸುತ್ತೇನೆ.

ಪ್ರಬಂಧವನ್ನು ದಯವಿಟ್ಟು ಯಾರಿಂದಲೂ ಬರೆಸಬೇಡಿ. ಅಲ್ಲಿನ ಅನೇಕ ಕಾಲೇಜುಗಳು 'ಕಾಮನ್ ಆ್ಯಪ್' ಎಂಬ ಸಾಮಾನ್ಯ ಅರ್ಜಿಯನ್ನು ಸ್ವೀಕರಿಸುತ್ತವೆ. ಅದರ ಮೂಲಕ 20 ಕಾಲೇಜುಗಳವರೆಗೆ ಅರ್ಜಿ ಹಾಕಬಹುದು. ಅದರ ಮುಖ್ಯ ಪ್ರಬಂಧ 250 ಪದಗಳಿಗೆ ಕಡಿಮೆಯಿರದೆ 650 ಪದಗಳನ್ನು ಮೀರದೆ ಇರಬೇಕು. ಬರೆದದ್ದೆಲ್ಲ ತನ್ನದೇ ಎಂದು ವಿದ್ಯಾರ್ಥಿ ಸಹಿ ಹಾಕಬೇಕಾಗುತ್ತದೆ. ಬೇರೆಯವರು ಬರೆದದ್ದನ್ನಾಗಲಿ, ಕೃತಕ ಬುದ್ಧಿಮತ್ತೆಯಿಂದ ಬರೆಸಿದ್ದನ್ನಾಗಲಿ ತನ್ನದೆಂದು ಕೊಟ್ಟರೆ ಅದು ವಂಚನೆಯ ಲೆಕ್ಕಕ್ಕೇ ಸೇರುತ್ತದೆ, ಪ್ರವೇಶ ಸಿಕ್ಕಿದ ಮೇಲೆ ಗೊತ್ತಾದರೂ ಸೀಟು ರದ್ದಾಗಬಹುದು. ನಿಯಮದ ಮಾತು ಹಾಗಿರಲಿ. ಹದಿನೇಳರ ಹುಡುಗಿಯೊಬ್ಬಳು ತನ್ನ ಬದುಕಿನ ಬಗ್ಗೆ ಮೊದಲ ಸಲ ಗಂಭೀರವಾಗಿ ಬರೆಯಲು ಕೂತಾಗ, ಅದನ್ನು ಹೇಳುವ ಯೋಗ್ಯತೆ ನಿನಗಿಲ್ಲ ಎಂದು ದುಡ್ಡು ಕೊಟ್ಟು ಹೇಳಿಸಿದಂತಾಗುತ್ತದಲ್ಲ, ಅದು ನನಗೆ ಸಹಿಸಲಾಗದ ಸಂಗತಿ.

ಇನ್ನು ಭಟ್ಟಿಯ ವಿಷಯ. ನಿಮ್ಮ ಪತ್ರದ ಮೂರನೆಯ ಪುಟದಲ್ಲಿ, ಹೇಳಬೇಕೋ ಬೇಡವೋ ಎಂಬಂತೆ, ಒಂದು ವಾಕ್ಯ ಬರೆದಿದ್ದೀರಿ. ಕಳೆದ ಮಳೆಗಾಲದಲ್ಲಿ ಅಕ್ಕಿ ತೇವವಾಗಿದ್ದ ದಿನ ಎಷ್ಟು ಬುಟ್ಟಿ ಹೊಟ್ಟು ಉರಿಯಿತು, ಒಣಗಿದ್ದ ದಿನ ಎಷ್ಟು ಎಂದು ಮಗಳು ನೋಟ್‌ಬುಕ್ಕಿನಲ್ಲಿ ದಿನವೂ ಬರೆದಿಟ್ಟು, ಒಲೆ ಹೊತ್ತಿಸುವ ಹೊತ್ತನ್ನು ನಿಮ್ಮಿಂದ ಬದಲಾಯಿಸಿದಳು ಎಂಬ ವಾಕ್ಯ. ಬಾಡಿಗೆಗೆ ತಂದ ಸೇವಾಸಂಸ್ಥೆಗಿಂತ ಆ ನೋಟ್‌ಬುಕ್ಕು ನೂರು ಪಾಲು ಮೇಲು. ಯಾರೂ ಹೇಳದೆ ಒಂದು ಪ್ರಶ್ನೆಯನ್ನು ತಾನೇ ಎತ್ತಿಕೊಂಡು, ಅಳೆದು, ಉತ್ತರ ಕಂಡುಕೊಂಡವಳು ಆಕೆ. ಅರ್ಜಿ ಓದುವವರು ಹುಡುಕುವುದು ಇದನ್ನೇ. ಆದರೆ ಒಂದು ಎಚ್ಚರಿಕೆ: ಹೊಗೆಯನ್ನೂ ಬಡತನವನ್ನೂ ಮುಂದೆ ಮಾಡಿ ಕರುಣೆ ಹುಟ್ಟಿಸುವ ಬರಹ ಬೇಡ. ಭಟ್ಟಿ ಅಲ್ಲಿರಬೇಕಾದದ್ದು ಆಕೆ ಯೋಚಿಸಿದ ಜಾಗವೆಂಬ ಕಾರಣಕ್ಕೆ. ಇಂಗ್ಲಿಷಿನಲ್ಲಿ ಕೈ ಓಡದಿದ್ದರೆ ಮೊದಲ ಕರಡನ್ನು ಕನ್ನಡದಲ್ಲೇ ಬರೆಯಲಿ, ಆಮೇಲೆ ತಾನೇ ಇಂಗ್ಲಿಷಿಗೆ ತರಲಿ. ನೀವು ಓದಿ ಅರ್ಥವಾಗದ ಕಡೆ ಗೆರೆ ಎಳೆಯಿರಿ, ಅಷ್ಟು ಸಾಕು.

ಅದೇ ಅರ್ಜಿಯಲ್ಲಿ ಪಾಠದಾಚೆಗಿನ ಚಟುವಟಿಕೆಗಳಿಗೆ 10 ಸ್ಥಾನಗಳಿವೆ. ಒಂದೊಂದರ ವಿವರಣೆಗೂ ಸಿಗುವುದು 150 ಅಕ್ಷರಗಳ ಜಾಗ ಮಾತ್ರ. ಸಂಬಳದ ಕೆಲಸ, ಕುಟುಂಬದ ಜವಾಬ್ದಾರಿ ಎಂಬ ವರ್ಗಗಳೂ ಅಲ್ಲಿ ಇವೆ ಎನ್ನುವುದು ನಮ್ಮವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ವಾರಕ್ಕೆರಡು ಸಲ ಅಜ್ಜಿಯನ್ನು ಡಯಾಲಿಸಿಸ್‌ಗೆ ಕರೆದೊಯ್ಯುವುದೂ ಸಂಜೆ ಭಟ್ಟಿಯ ಲೆಕ್ಕ ಬರೆಯುವುದೂ ಅಲ್ಲಿಗೆ ಸಲ್ಲುತ್ತವೆ. 'ತಂದೆಗೆ ವ್ಯಾಪಾರದಲ್ಲಿ ನೆರವಾಗುತ್ತೇನೆ' ಎಂದರೆ ಏನೂ ತಿಳಿಯುವುದಿಲ್ಲ. ಎಷ್ಟು ದಿನ ಹೊಟ್ಟು ಅಳೆದಳು, ಅದರಿಂದ ಎಷ್ಟು ಬುಟ್ಟಿ ಉಳಿಯಿತು ಎಂದು ಬರೆದರೆ ಕೆಲಸ ಕಣ್ಣಿಗೆ ಕಾಣುತ್ತದೆ.

ಅಂಕಗಳು ಬೇಕೇ ಬೇಕು, ಆದರೆ ಅವುಗಳಿಂದಲೇ ಬಾಗಿಲು ತೆರೆಯುವುದಿಲ್ಲ. ಹಾರ್ವರ್ಡ್‌ನಂಥ ಕಡೆ ಈಚಿನ ವರ್ಷಗಳಲ್ಲಿ ಅರ್ಜಿ ಹಾಕಿದ ನೂರರಲ್ಲಿ ಐವರಿಗೂ ಸೀಟು ಸಿಕ್ಕಿಲ್ಲ, ಉಳಿದವರಲ್ಲಿ ಒಳ್ಳೆಯ ಅಂಕದವರು ಬೇಕಾದಷ್ಟಿದ್ದರು. ಎಸ್‌ಎಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಯ ಬಗ್ಗೆ ಒಂದೊಂದು ಕಡೆ ಒಂದೊಂದು ನಿಯಮ: ಮ್ಯಾಸಚೂಸೆಟ್ಸ್‌ನ ತಂತ್ರಜ್ಞಾನ ಸಂಸ್ಥೆಯಾದ ಎಂಐಟಿ 2022ರಲ್ಲಿ ಪ್ರವೇಶ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು, 2024ರಲ್ಲಿ ಹಾರ್ವರ್ಡ್, ಡಾರ್ಟ್‌ಮತ್, ಬ್ರೌನ್ ಅದೇ ದಾರಿ ಹಿಡಿದವು, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವಾದರೋ ಪ್ರವೇಶಕ್ಕೆ ಆ ಅಂಕವನ್ನು ಪರಿಗಣಿಸುವುದೇ ಇಲ್ಲ.

ನಮ್ಮ ಪಿಯು ವಿದ್ಯಾರ್ಥಿಗಳು ಎಡವುವುದು ಕಾಗದಪತ್ರಗಳಲ್ಲಿ. ಅಲ್ಲಿಯವರು ಕೇಳುವುದು ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ನಾಲ್ಕು ವರ್ಷಗಳ ದಾಖಲೆ. ನಮ್ಮಲ್ಲಿ ಅದು ಪ್ರೌಢಶಾಲೆ, ಪಿಯು ಕಾಲೇಜು ಎಂದು ಎರಡು ಕಡೆ ಹಂಚಿಹೋಗಿರುತ್ತದೆ. ಅರ್ಜಿ ಆಗಸ್ಟ್ 1ಕ್ಕೆ ತೆರೆದು, ಮೊದಲ ಸುತ್ತಿನ ಗಡುವು ಹೆಚ್ಚಾಗಿ ನವೆಂಬರ್ 1ಕ್ಕೂ ಎರಡನೆಯದು ಜನವರಿಯ ಮೊದಲ ವಾರದ ಸುಮಾರಿಗೂ ಮುಗಿಯುತ್ತದೆ. ದ್ವಿತೀಯ ಪಿಯು ಫಲಿತಾಂಶ ಅಷ್ಟರಲ್ಲಿ ಎಲ್ಲಿಂದ ಬರಬೇಕು? ಹಾಗಾಗಿ ನಿರೀಕ್ಷಿತ ಅಂಕಗಳನ್ನು ಕಾಲೇಜೇ ಬರೆದುಕೊಡಬೇಕಾಗುತ್ತದೆ. ಶಾಲಾ ಸಲಹೆಗಾರರು ತುಂಬಬೇಕಾದ ನಮೂನೆಯನ್ನು, ಅಂಥ ಹುದ್ದೆಯೇ ಇಲ್ಲದ ನಿಮ್ಮ ಕಾಲೇಜಿನಲ್ಲಿ, ಪ್ರಾಂಶುಪಾಲರು ತುಂಬಬಹುದು. ಅವರನ್ನು ಈ ವರ್ಷವೇ ಕಂಡು ವಿವರಿಸಿ. ಒಂಬತ್ತನೆಯ ತರಗತಿಯ ಅಂಕಪಟ್ಟಿಗೆ ಹಳೆಯ ಶಾಲೆಯ ಮೊಹರು ಹಾಕಿಸಿ ಇಟ್ಟುಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೊಳಗಾಗುವುದು ಅಧ್ಯಾಪಕರ ಶಿಫಾರಸು ಪತ್ರ. ಹಲವು ಕಾಲೇಜುಗಳು ಇಬ್ಬರು ಅಧ್ಯಾಪಕರಿಂದ ಅದನ್ನು ಕೇಳುತ್ತವೆ. ಕೆಲವು ವರ್ಷಗಳ ಹಿಂದೆ ಸ್ನೇಹಿತರೊಬ್ಬರ ಮಗನಿಗಾಗಿ ರಸಾಯನಶಾಸ್ತ್ರದ ಉಪನ್ಯಾಸಕರು ಬರೆದ ಕರಡನ್ನು ಅವರೇ ನನಗೆ ತೋರಿಸಿದ್ದರು: 'ವಿಧೇಯ, ಶ್ರದ್ಧಾವಂತ, ಉತ್ತಮ ನಡತೆಯುಳ್ಳವನು.' ನಡತೆ ಪ್ರಮಾಣಪತ್ರದ ಒಕ್ಕಣೆಯೇ ಅದು, ಯಾರಿಗೆ ಬೇಕಾದರೂ ಹೊಂದುತ್ತಿತ್ತು. ಆ ಹುಡುಗನ ಬಗ್ಗೆ ನಿಮಗೆ ನೆನಪಿರುವ ಒಂದು ದಿನವನ್ನು ಹೇಳಿ ಸರ್ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ದ್ರಾವಣ ಅಳೆಯುವ ಗಾಜಿನ ಕೊಳವೆ ಬ್ಯೂರೆಟ್ಟಿನ ಎರಡು ರೀಡಿಂಗ್‌ಗಳು ಹೊಂದಲಿಲ್ಲವೆಂದು ಎಲ್ಲರೂ ಪಕ್ಕದವರದ್ದನ್ನು ನೋಡಿ ಬರೆದಾಗ, ಇವನೊಬ್ಬ ಲ್ಯಾಬ್ ಮುಚ್ಚುವವರೆಗೆ ನಿಂತು ಐದು ಸಲ ಮಾಡಿದ, ಕೊನೆಗೆ ಬ್ಯೂರೆಟ್ಟಿನ ನಲ್ಲಿ ಸೋರುತ್ತಿದ್ದುದನ್ನು ಕಂಡುಹಿಡಿದ. ಪತ್ರಕ್ಕೆ ಬೇಕಾದದ್ದು ಅದೇ ಆಗಿತ್ತು, ಅವರು ಅದನ್ನೇ ಬರೆದರು. ನಿಮ್ಮ ಮಗಳನ್ನು ಹಾಗೆ ಕಂಡಿರುವ ಇಬ್ಬರು ಯಾರೆಂದು ಆಕೆಯೇ ಯೋಚಿಸಲಿ. ಗಡುವಿಗೆ ಎರಡು ತಿಂಗಳಾದರೂ ಮುಂಚೆ ಅವರನ್ನು ಕೇಳಲಿ.

ಹಣದ ವಿಷಯದಲ್ಲಿ ಮುಚ್ಚುಮರೆಯಿಲ್ಲದೆ ಹೇಳಬೇಕು. ಈ ದರ್ಜೆಯ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ, ಊಟ, ವಸತಿ ಸೇರಿ ವರ್ಷಕ್ಕೆ 80,000 ಡಾಲರ್ ದಾಟುವುದು ಈಗ ಮಾಮೂಲು. ಆದರೂ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್‌ಗಳು ವಿದೇಶಿ ವಿದ್ಯಾರ್ಥಿಯನ್ನು ಆರಿಸುವಾಗಲೂ ಮನೆಯ ಆದಾಯವನ್ನು ನೋಡುವುದಿಲ್ಲ, ಆರಿಸಿದ ಮೇಲೆ ಮನೆಯವರಿಂದ ಆಗದಷ್ಟನ್ನು ತಾವೇ ಭರಿಸುತ್ತವೆ. ಸ್ಟ್ಯಾನ್‌ಫರ್ಡ್ ಸೇರಿದಂತೆ ಇನ್ನು ಅನೇಕ ಕಡೆ, ನೆರವು ಕೇಳಿದ ವಿದೇಶಿಯರಿಗೆ ಆ ಕೋರಿಕೆಯೂ ಆಯ್ಕೆಯ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಕಾಲೇಜುಗಳ ಪಟ್ಟಿ ಮಾಡುವಾಗ ಹೆಸರಿಗಿಂತ ಮೊದಲು ಅದರ ನೆರವಿನ ನಿಯಮವನ್ನು ಓದಿ. 'ಅರ್ಲಿ ಡಿಸಿಷನ್' ಎಂಬ, ಸೀಟು ಸಿಕ್ಕರೆ ಸೇರಲೇಬೇಕಾದ ಸುತ್ತಿಗೆ ನೆರವಿನ ಲೆಕ್ಕ ಸ್ಪಷ್ಟವಾಗದೆ ಕೈ ಹಾಕಬೇಡಿ. ಆದಾಯದ ನಮೂನೆಯಲ್ಲಿ ಭಟ್ಟಿಯ ಗಳಿಕೆಯನ್ನು ಇದ್ದದ್ದು ಇದ್ದಂತೆ ಬರೆಯಿರಿ. ಅಮೆರಿಕದ ವಿದೇಶಾಂಗ ಇಲಾಖೆಯ 'ಎಜುಕೇಷನ್‌ ಯುಎಸ್‌ಎ' ಸಲಹಾ ಜಾಲ ಭಾರತದಲ್ಲೂ ಕೆಲಸ ಮಾಡುತ್ತದೆ. ಸಲಹಾ ಕೇಂದ್ರಕ್ಕೆ ಮುಂಗಡ ಕೊಡುವ ಮೊದಲು ಅಲ್ಲಿ ವಿಚಾರಿಸಿ. ಕೆಸಿಇಟಿ ತಯಾರಿಯನ್ನೂ ನಿಲ್ಲಿಸುವುದು ಬೇಡ. ಇಷ್ಟು ಕಡಿಮೆ ಸೀಟುಗಳ ಕಡೆಗೆ ಹೊರಟವಳಿಗೆ ಊರಿನ ಹತ್ತಿರವೂ ಒಂದು ಒಳ್ಳೆಯ ಕಾಲೇಜು ಕಾದಿರಬೇಕು.

ಕರಡು ಸಿದ್ಧವಾದ ಮೇಲೆ ಆಕೆಗೆ ಒಪ್ಪಿಗೆಯಿದ್ದರೆ ನನಗೊಂದು ಪ್ರತಿ ಕಳುಹಿಸಲಿ. ತಿದ್ದುವುದಿಲ್ಲ, ಓದಿ ನನಗೆ ಹುಟ್ಟಿದ ಪ್ರಶ್ನೆಗಳನ್ನು ಬರೆದು ಕಳುಹಿಸುತ್ತೇನೆ.

ಸಂಪಾದಕ